ಎಡಗಡೆಯ ಪರದೆ

ಎರಡರಲ್ಲಿ ಒಂದು ಎಂದು ಮಗಳು ಹೇಳಿ ಮೂರು ವಾರವಾಗಿತ್ತು. ಈಗಿರುವ ಮಾನಿಟರಿನ ಅಕ್ಕಪಕ್ಕಕ್ಕೆ ಇನ್ನೆರಡು ತಂದು ಮೂರನ್ನೂ ಸಾಲಾಗಿ ಜೋಡಿಸುವುದು, ಇಲ್ಲವೇ ಇರುವ ಒಂದರಲ್ಲೇ ಚಿತ್ರ ಸ್ಪಷ್ಟವಾಗಿ ಮೂಡುವಂತೆ ಕಂಪ್ಯೂಟರಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದು. "ಎರಡೂ ಈ ವರ್ಷ ಆಗೋ ಮಾತಲ್ಲ ಅಪ್ಪ, ಯೋಚನೆ ಮಾಡಿ ಹೇಳು," ಎಂದಿದ್ದಳು. ಅವನು ಹೂಂಗುಟ್ಟಿದ್ದ. ಮೊದಲನೆಯ ಶನಿವಾರ ಅಂಗಡಿಗೆ ಕರೆದಾಗ ಮಂಡಿನೋವು ಎಂದ. ಎರಡನೆಯ ಶನಿವಾರ ನಲ್ಲಿ ರಿಪೇರಿಯವನು ಬರುತ್ತಾನೆ ಎಂದ. ನಲ್ಲಿಯವನು ಶುಕ್ರವಾರವೇ ಬಂದು ಹೋಗಿದ್ದ, ಅದು ಹೆಂಡತಿಗೆ ಗೊತ್ತಿತ್ತು, ಅವಳು ತುಟಿ ಬಿಚ್ಚಲಿಲ್ಲ. ಇವತ್ತು ಮೂರನೆಯ ಶನಿವಾರ. ಮಗಳು ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನೆಪಗಳು ಮುಗಿದಿದ್ದವು. ಹೆಂಡತಿ ಒಳಗಿನಿಂದಲೇ, "ಮೂವತ್ತೈದು ವರ್ಷ ಬಸ್ಸು ಓಡ್ಸಿ ರಿಟೈರಾದೋರು ಮನೇಲಿ ಕೂತು ಮತ್ತೆ ಬಸ್ಸೇ ಓಡಿಸ್ತಾರೆ. ಅಗಸ ರಜಾ ಹಾಕಿ ಬಟ್ಟೆ ಒಗೆಯೋ ಆಟ ಆಡಿದ ಹಾಗೆ," ಎಂದಳು. ಮಗಳು ನಕ್ಕಳು. ಅವನೂ ನಕ್ಕ, ನಗುವಾಗ ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹೋಗಿರುವುದು ಬೆರಳಿಗೆ ತಿಳಿಯಿತು.

ಕಂಪ್ಯೂಟರಿನ ಆಟದ ಬಸ್ಸನ್ನು ಅವನು ಆಟದ ಹಾಗೆ ಓಡಿಸುತ್ತಿರಲಿಲ್ಲ. ತಿಂಡಿಯಾದ ಮೇಲೆ ಕನ್ನಡಕ ಒರೆಸಿಕೊಂಡು, ಕಾಲರ್ ಸರಿಮಾಡಿಕೊಂಡು ಕೂರುತ್ತಿದ್ದ. ಮೇಜಿನ ಅಂಚಿಗೆ ಕಚ್ಚಿಸಿದ ಪ್ಲಾಸ್ಟಿಕ್ ಸ್ಟೇರಿಂಗ್, ಕಾಲಡಿ ಪೆಡಲು. ಕಂಪ್ಯೂಟರ್ ಮಗಳ ಆಫೀಸಿನಲ್ಲಿ ತೆಗೆದುಹಾಕಿದ್ದು. ಅವಳು ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವ ಆಫೀಸಿನಲ್ಲಿದ್ದಳು. ಕಂಪ್ಯೂಟರಿಗೆ ವಯಸ್ಸಾಗಿತ್ತು. ದೂರದ ಮರಗಳು ತಡವಾಗಿ, ಬಸ್ಸು ಹತ್ತಿರ ಬಂದ ಮೇಲೆ ನೆನಪಾದವರಂತೆ ಥಟ್ಟನೆ ಎದ್ದು ನಿಲ್ಲುತ್ತಿದ್ದವು. ತಿರುವಿನಲ್ಲಿ ರಸ್ತೆ ಕರಗಿ ಅಂಟಾಗುತ್ತಿತ್ತು. ಇಷ್ಟಾದರೂ ಎರಡು ಗಂಟೆಯ ರೂಟಿನಲ್ಲಿ ಒಂದು ನಿಮಿಷ ಹಿಂದೆ ಮುಂದೆ ಆಗದಂತೆ ಅವನು ಓಡಿಸುತ್ತಿದ್ದ. ಸ್ಟಾಪು ಬಂದರೆ ನಿಲ್ಲಿಸುತ್ತಿದ್ದ, ಬಾಗಿಲು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಯಾರೂ ಹತ್ತುತ್ತಿರಲಿಲ್ಲ. ಆ ಊರಿನಲ್ಲಿ ಯಾರೂ ಇರಲಿಲ್ಲ. ಸೆಟ್ಟಿಂಗಿನಲ್ಲಿ ಜನಸಂಚಾರ ಎಂದು ಒಂದು ಗೆರೆಯಿತ್ತು, ಅದರ ಮೇಲಿನ ಗುಂಡನ್ನು ಅವನು ಎಳೆದು ಸೊನ್ನೆಗೆ ತಂದಿಟ್ಟಿದ್ದ. ಮೆಷಿನ್ ತಡೆಯುವುದಿಲ್ಲ ಎಂದು ಮಗಳಿಗೆ ಹೇಳಿದ್ದ. ಅದು ಸುಳ್ಳೂ ಅಲ್ಲ. ಆದರೆ ಮೊದಲನೆಯ ದಿನ ಗುಂಡು ತುದಿಯಲ್ಲೇ ಇತ್ತು, ಸ್ಟಾಪಿನಲ್ಲಿ ಜನ ನಿಂತಿದ್ದರು; ಮೂಗು ಬಾಯಿ ಸರಿಯಾಗಿ ಮೂಡದ, ಹಿಟ್ಟಿನಲ್ಲಿ ಮಾಡಿದಂಥ ಮುಖದವರು, ಹತ್ತಿದರು, ಬಾಗಿಲು ಮುಚ್ಚಿತು, ಮತ್ತೆ ಅವನಿಗೆ ಬಸ್ಸು ಹೊರಡಿಸಲು ಆಗಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತೇ ಇದ್ದ. ಹೆಂಡತಿ ಇಟ್ಟುಹೋದ ಕಾಫಿಯ ಮೇಲೆ ಕೆನೆ ಕಟ್ಟಿತು. ಇಂಜಿನ್ನಿನ ಸದ್ದು ಸ್ಪೀಕರಿನಲ್ಲಿ ಗುರುಗುಟ್ಟುತ್ತಲೇ ಇತ್ತು. ಕಾರ್ಡ್ ಬಂದರೆ ಆ ಜನ ಬರುತ್ತಾರೆ, ಈ ಸಲ ಮೂಗು ಬಾಯಿ ಸಮೇತ. ಮಾನಿಟರ್ ಬಂದರೆ ಎಡಗಡೆ ಬರುತ್ತದೆ. ಮೂರು ವಾರದಿಂದ ಅವನು ಯೋಚಿಸಿದ್ದೆಲ್ಲ ಇಷ್ಟೇ, ಇದನ್ನು ಯಾರ ಹತ್ತಿರ ಹೇಗೆ ಆಡುವುದು.

ಅಂಗಡಿಗೆ ಹೋಗುವ ಬಸ್ಸಿನಲ್ಲಿ ಅವನು ಎಂದಿನಂತೆ ಎಡಬದಿಯ ಕಿಟಕಿಗೆ ಹೋಗಿ ಕೂತ. ಎಡಕ್ಕೆ ತಗಡು, ಗಾಜು; ಆ ಕಡೆಯಿಂದ ಏನೂ ಬರುವ ಹಾಗಿಲ್ಲ. ಮಗಳು ಬಲಕ್ಕೆ ಕೂತು ಮಾತಾಡುತ್ತಿದ್ದಳು. ಆಫೀಸಿನಲ್ಲಿ ಅವಳಿಗೆ ಎರಡು ಮಾನಿಟರ್. ಒಂದು ಸಲ ಅಭ್ಯಾಸವಾದರೆ ಒಂದರಲ್ಲಿ ಉಸಿರು ಕಟ್ಟುತ್ತದೆ, ನೋಡು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದ ಹಾಗೆ. "ನೀನು ದೊಡ್ಡ ಗಾಜಿನ ಮುಂದೆ ಕೂತು ಓಡಿಸಿದೋನು. ಈಗ ಬೀಗದ ಕಿಂಡೀಲಿ ನೋಡ್ಕೊಂಡು ಓಡಿಸ್ತಿದ್ದೀಯ." ಅವನು ಡ್ರೈವರನ್ನು ನೋಡುತ್ತಿದ್ದ. ಎಳೆಯ ಹುಡುಗ, ಗೇರ್ ಮೇಲೆ ಬೇಡದಷ್ಟು ಬಲ ಹಾಕುತ್ತಾನೆ, ಆದರೆ ಕತ್ತು ಚೆನ್ನಾಗಿ ತಿರುಗಿಸುತ್ತಾನೆ. ಕತ್ತು ತಿರುಗಿಸಬೇಕು. ಡಿಪೋದ ವೈದ್ಯರ ಕೋಣೆಯಲ್ಲಿ ಗೋಡೆಗೆ ನೇತುಹಾಕಿದ್ದ ಚಾರ್ಟು, ಬಲಗಣ್ಣು ಮುಚ್ಚಿಕೊಳ್ಳಿ ಎನ್ನುವ ದನಿ, ಅಂಗೈಯ ಕತ್ತಲೆ. ಆರನೆಯ ಸಾಲಿನವರೆಗೆ ಅವನು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ್ದ. ಸರದಿಯಲ್ಲಿ ನಿಂತಾಗಲೇ, ಎರಡೂ ಕಣ್ಣು ತೆರೆದಿದ್ದಾಗಲೇ, ಬಾಯಿಪಾಠ ಮಾಡಿಕೊಂಡಿದ್ದ. ಅದಕ್ಕೂ ಎರಡು ತಿಂಗಳು ಮುಂಚೆ ಊರಿನ ಇನ್ನೊಂದು ಮೂಲೆಯಲ್ಲಿ, ಯಾರ ಪರಿಚಯವೂ ಇಲ್ಲದ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ. ಕಣ್ಣಿನೊಳಗೆ ಒತ್ತಡ, ನರ ಒಣಗುತ್ತಿದೆ, ಎಡಗಣ್ಣು ಹೆಚ್ಚುಕಡಿಮೆ ಹೋಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ, ಈ ಹನಿ ಹಾಕಿಕೊಳ್ಳಿ. ಏನು ಕೆಲಸ ಮಾಡ್ತೀರಿ ಎಂದು ಡಾಕ್ಟರು ಕೇಳಿದರು. ಗುಮಾಸ್ತ ಎಂದ. ರಿಟೈರಾಗಲು ಎರಡೂವರೆ ವರ್ಷವಿತ್ತು. ಮಗಳು ಆಗ ಕಾಲೇಜಿನ ಮೊದಲನೇ ವರ್ಷ.

ಇಳಿಯುವಾಗ ಫುಟ್‌ಪಾತಿನ ಮೇಲೆ ಯಾರದೋ ಚೀಲ ಅವನ ಎಡದ ತೊಡೆಗೆ ಬಡಿದು ಎರಡು ಕಿತ್ತಳೆ ನೆಲಕ್ಕುರುಳಿದವು. "ಕಣ್ಣು ಕಾಣಲ್ವೇನ್ರೀ?" ಎಂದಳು ಚೀಲದ ಹೆಂಗಸು. ದಿನಕ್ಕೆ ನೂರು ಜನ ನೂರು ಜನಕ್ಕೆ ಹೇಳುವ ಮಾತು. "ನೀವೇ ಅಡ್ಡ ಬಂದ್ರಲ್ಲ," ಎಂದು ಅವನು ಗದರಿದ, ಬೇಕಾದ್ದಕ್ಕಿಂತ ಜೋರಾಗಿ. ಮಗಳು ಬಗ್ಗಿ ಹಣ್ಣು ಆರಿಸಿಕೊಟ್ಟಳು, ಹೆಂಗಸಿಗೆ ಏನೋ ಸಮಾಧಾನ ಹೇಳಿದಳು, ಅವನ ಮುಖ ಒಮ್ಮೆ ನೋಡಿ ಮುಂದೆ ನಡೆದಳು.

ಅಂಗಡಿ ಉದ್ದಕ್ಕೆ ಕಿರಿದಾಗಿತ್ತು. ಎರಡೂ ಕಡೆ ಕಪಾಟುಗಳಲ್ಲಿ ಪೆಟ್ಟಿಗೆಗಳು, ಕೊನೆಯಲ್ಲಿ ಒಂದು ಕುರ್ಚಿ, ಅದರ ಮುಂದೆ ಸ್ಟೇರಿಂಗ್, ಸ್ಟೇರಿಂಗಿನ ಮುಂದೆ ಅರ್ಧಚಂದ್ರಾಕಾರಕ್ಕೆ ಜೋಡಿಸಿದ ಮೂರು ಮಾನಿಟರ್. ಅಂಗಡಿಯಾಕೆ ದಪ್ಪನೆಯ, ನಿಧಾನದ ಹೆಂಗಸು. ಮಾತಾಡುವಾಗ ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಳ್ಳುತ್ತಿದ್ದಳು. "ಏನು ಆಡ್ತೀರಿ ಅಂಕಲ್? ಯುದ್ಧದ್ದಾ, ರೇಸಾ?"

"ಬಸ್ಸು," ಎಂದ ಅವನು.

ಆಕೆ ನಗಲಿಲ್ಲ. ಅದೇ ಅವನಿಗೆ ಹಿಡಿಸಿತು. "ಬಸ್ಸಾದ್ರೆ ಮೂರು ಮಾನಿಟರ್ ಅಂತೀನಿ ನಾನು. ಬಸ್ಸಿಗೆ ಬೇಕಾಗಿರೋದು ಅಂದ ಅಲ್ಲ, ಅಗಲ. ಆದ್ರೆ ಒಂದು ಮಾತು. ನಿಮ್ಮದು ಹಳೇ ಕಾರ್ಡು. ಮೂರು ಪರದೆ ತುಂಬ ಅದೇ ಚಿತ್ರ ಬಿಡಿಸ್ಬೇಕು. ಒಬ್ಬರ ಊಟ ಮೂರು ಎಲೆಗೆ ಬಡಿಸಿದ ಹಾಗೆ, ಎಲ್ಲಾ ತೆಳ್ಳಗಾಗತ್ತೆ. ಜನ ಗಿನ ಹಾಕಕ್ಕಾಗಲ್ಲ."

"ಜನ ಬೇಡ," ಎಂದ.

"ಜನ ಇಲ್ದೆ ಬಸ್ಸು ಯಾಕಪ್ಪ?" ಎಂದಳು ಮಗಳು. "ಒಂದ್ಸಲ ಕೂತು ನೋಡು. ಕೂತ್ರೆ ಗೊತ್ತಾಗತ್ತೆ."

ಬೇಡ ಎನ್ನಬಹುದಿತ್ತು. ಆದರೆ ಕುರ್ಚಿ ಚೆನ್ನಾಗಿತ್ತು, ಸ್ಟೇರಿಂಗ್ ಪ್ಲಾಸ್ಟಿಕ್ಕಿನದಲ್ಲ, ಮುಟ್ಟಿದರೆ ತಣ್ಣಗಿನ ತೂಕವಿತ್ತು, ಅಂಗೈಗಳು ತಾವಾಗಿಯೇ ಹತ್ತು ಮತ್ತು ಎರಡರ ಜಾಗಕ್ಕೆ ಹೋಗಿ ಕೂತವು. ಮುಂದಿನ ಪರದೆಯಲ್ಲಿ ಬೀದಿ ಇತ್ತು. ಬೀದಿ ಎಂದರೆ ಬೀದಿಯೇ: ಗೋಡೆಯ ಮೇಲೆ ಬಿಸಿಲು, ಅಂಗಡಿಯ ಮುಂದೆ ನೀರು ಚೆಲ್ಲಿದ ಕಲೆ, ಒಬ್ಬ ಮುದುಕ ಕೆಮ್ಮಿ ಕೈಯಿಂದ ಬಾಯಿ ಒರೆಸಿಕೊಂಡ. ಹೊರಟ. ಒಂದು ನಿಮಿಷದಲ್ಲಿ ಭುಜ ಸಡಿಲವಾಯಿತು. ಎರಡನೆಯ ತಿರುವನ್ನು ಅವನು ತೆಗೆದುಕೊಂಡ ರೀತಿಗೆ ಅಂಗಡಿಯಲ್ಲಿ ಪೆಟ್ಟಿಗೆ ನೋಡುತ್ತಿದ್ದ ಇಬ್ಬರು ಗಿರಾಕಿಗಳು ಬಂದು ಹಿಂದೆ ನಿಂತರು. "ಹಿಂದಿನ ಚಕ್ರ ನೋಡು, ಕಲ್ಲಿಗೆ ಒಂದಿಂಚು," ಎಂದ ಒಬ್ಬ. "ನಮ್ಮಪ್ಪ ಡ್ರೈವರ್ ಆಗಿದ್ರು," ಎಂದಳು ಮಗಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಅವನಿಗೆ ಅದು ಬೆನ್ನ ಮೇಲೆ ಬಿಸಿಲು ಬಿದ್ದ ಹಾಗೆ ಅನ್ನಿಸಿತು. ಎಷ್ಟು ವರ್ಷವಾಗಿತ್ತು ಯಾರಾದರೂ ತನ್ನ ಕೆಲಸ ನಿಂತು ನೋಡಿ. ಸ್ಟಾಪು ಬಂತು. ನಿಲ್ಲಿಸಿದ. ಜನ ಹತ್ತಿದರು, ಮೂಗು ಬಾಯಿ ಎಲ್ಲ ಇದ್ದವರು, ಒಬ್ಬಳು ಹತ್ತುವಾಗ ಸೆರಗು ಸರಿಮಾಡಿಕೊಂಡಳು. ಬಾಗಿಲು ಮುಚ್ಚಿತು. ಹಿಂದೆ ನಿಂತವರು ಕಾಯುತ್ತಿದ್ದರು. ಅವನು ಎಡಕ್ಕೆ ನೋಡಿದ, ಹೊರಟ. ಸ್ಟೇರಿಂಗ್ ಒಮ್ಮೆ ಕೈಯಲ್ಲಿ ನಡುಗಿತು.

"ಅಯ್ಯೋ," ಎಂದ ಗಿರಾಕಿ, ನಗುತ್ತ. "ಅಂಕಲ್, ಒಬ್ರು ಟಿಕೆಟ್ ತಗೊಂಡ್ಬಿಟ್ರು."

ಏನಾಯಿತೆಂದು ಅವನಿಗೆ ಗೊತ್ತಾಗಲಿಲ್ಲ. ಮುಂದಿನ ಪರದೆಯಲ್ಲಿ ಬೀದಿ ಹಾಗೇ ಇತ್ತು, ಬಿಸಿಲು ಹಾಗೇ ಇತ್ತು. ಎಲ್ಲರೂ ಎಲ್ಲಿ ನೋಡುತ್ತಿದ್ದಾರೆ ಎಂದು ಹುಡುಕಿ ಕತ್ತು ತಿರುಗಿಸಿದ ಮೇಲೆ ಎಡಗಡೆಯ ಪರದೆ ಕಂಡಿತು, ಅದರ ಕೆಳಗೆ ಅಡ್ಡಬಿದ್ದಿದ್ದ ಒಂದು ಕೈ. "ಪರವಾಗಿಲ್ಲ, ಎಲ್ಲರಿಗೂ ಮೊದ್ಲು ಹೀಗೇ ಆಗತ್ತೆ," ಎಂದು ಅಂಗಡಿಯಾಕೆ ಏನೋ ಒತ್ತಿದಳು; ಬಿದ್ದವನು ಎದ್ದು ಸ್ಟಾಪಿನಲ್ಲಿ ಮತ್ತೆ ಮೊದಲಿನ ಜಾಗದಲ್ಲಿ ನಿಂತ. ಅಷ್ಟು ಸುಲಭ. ಗಿರಾಕಿಗಳು ತಮ್ಮ ಪೆಟ್ಟಿಗೆಗಳಿಗೆ ವಾಪಸಾದರು. ಮಗಳು ನಕ್ಕಿರಲಿಲ್ಲ.

"ಅಪ್ಪ, ಮುಂದೆ ನೋಡ್ತಾ ಇರು," ಎಂದಳು.

ಅವನು ಮುಂದೆ ನೋಡಿದ.

"ನೋಡ್ತಿದ್ದೀಯ?"

"ನೋಡ್ತಿದ್ದೀನಲ್ಲ."

"ನನ್ನ ಕೈ ಎಲ್ಲಿದೆ?"

"ಯಾವ ಕೈ?"

ಅವನು ನಿಧಾನವಾಗಿ ತಲೆ ತಿರುಗಿಸಿದ. ಅವಳ ಅಂಗೈ ಅವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿತ್ತು, ಬೆರಳುಗಳನ್ನು ಅಗಲಿಸಿಕೊಂಡು, ನಡುಬೆರಳ ಮೇಲೆ ಪೆನ್ಸಿಲ್ ಹಿಡಿದು ಹಿಡಿದು ಆದ ಗಂಟು. ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದಳೋ. ಅಂಗಡಿಯಾಕೆ ಅತ್ತ ತಿರುಗಿ ಒಂದು ಪೆಟ್ಟಿಗೆಯ ಧೂಳು ಒರೆಸತೊಡಗಿದ್ದಳು. ಆ ಪೆಟ್ಟಿಗೆಯ ಮೇಲೆ ಧೂಳಿರಲಿಲ್ಲ. ಅವನಿಗೆ ಮುಖವೆಲ್ಲ ಬಿಸಿಯಾಯಿತು. ಹಬೆಯಾಡುವ ನೀರನ್ನು ಯಾರೋ ನೆತ್ತಿಯಿಂದ ಸುರಿದ ಹಾಗೆ. ಕಳ್ಳನ ಜೇಬಿಗೆ ಎಲ್ಲರೆದುರು ಕೈ ಹಾಕಿ ತೆಗೆದ ಹಾಗೆ.

"ಇವತ್ತು ಬೇಡ, ಇನ್ನೊಂದು ದಿನ ಬರ್ತೀವಿ," ಎಂದು ಮಗಳು ಅಂಗಡಿಯಾಕೆಗೆ ಹೇಳಿದಳು.

ಪಕ್ಕದ ಅಂಗಡಿ ಮುಚ್ಚಿತ್ತು. ಅದರ ಮೆಟ್ಟಿಲ ಮೇಲೆ ಕೂತರು. ಎದುರಿನ ರಸ್ತೆಯಲ್ಲಿ ವಾಹನಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಅವನು ಅಭ್ಯಾಸಬಲದಿಂದ ಅವುಗಳ ನಡುವಿನ ಅಂತರ ಅಳೆಯುತ್ತಿದ್ದ. ಮಗಳು ಬಹಳ ಹೊತ್ತು ಏನೂ ಕೇಳಲಿಲ್ಲ. ಕೇಳದಿದ್ದರೆ ಸಾಕು ಎಂದು ಒಂದು ಮನಸ್ಸು, ಕೇಳಿ ಮುಗಿಸಲಿ ಎಂದು ಇನ್ನೊಂದು.

"ಯಾವಾಗಿಂದ?"

"ವಯಸ್ಸಾಯ್ತಲ್ಲಮ್ಮ. ಹೋದ ವರ್ಷದಿಂದ ಸ್ವಲ್ಪ..."

"ಅಪ್ಪ."

ಅವಳ ನಕ್ಷೆಗಳಲ್ಲಿ ಗೋಡೆ ಅರ್ಧ ಇಂಚು ಆಚೀಚೆಯಾದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. "ರಿಟೈರಾಗೋಕೆ ಎರಡೂವರೆ ವರ್ಷ ಇತ್ತು," ಎಂದ.

ಅವಳ ತುಟಿಗಳು ಅಲುಗಿದವು. ಎಣಿಸುತ್ತಿದ್ದಾಳೆ ಎಂದು ತಿಳಿಯಿತು. ಎಣಿಸುವುದಕ್ಕೆ ಏನೂ ಇರಲಿಲ್ಲ, ಬಸ್ಸಿನ ಅಪಘಾತ ಆದದ್ದು ರಿಟೈರಾಗುವುದಕ್ಕೆ ಎರಡು ವರ್ಷ ಮುಂಚೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೆಳಗಿನ ಗಿಜಿಗಿಜಿಯ ಹೊತ್ತು. ಮೂರು ನಿಮಿಷ ತಡವಾಗಿತ್ತು. ಹಿಂದಿನಿಂದ ಕಂಡಕ್ಟರ್ ಸೀಟಿ ಊದಿದ. ಊದಿದ್ದು ಸರಿಯಾಗಿಯೇ, ಬಾಗಿಲಲ್ಲಿ ಯಾರೂ ಇರಲಿಲ್ಲ. ಬಸ್ಸಿನ ಎಡಮೂತಿಯ ಹತ್ತಿರ ಕೊಡೆ ರಿಪೇರಿಯವನೊಬ್ಬ ಕಂಕುಳಲ್ಲಿ ಹಳೆಯ ಕೊಡೆಗಳ ಕಟ್ಟು ಹಿಡಿದು ದಾಟುತ್ತಿದ್ದ, ಒಂದು ಕಡ್ಡಿ ಜಾರಿ ಬಿತ್ತು, ಬಗ್ಗಿದ. ಸ್ಟೇರಿಂಗಿನ ಮುಂದೆ ಅವನು ಎಡಕ್ಕೆ ನೋಡಿದ್ದ. ಕತ್ತು ಅರ್ಧ ತಿರುಗಿತ್ತು. ಕಣ್ಣು ನೆಟ್ಟಗಿರುವವನಿಗೆ ಅರ್ಧ ಸಾಕು. ಆಮೇಲೆ ಜನರ ಕೂಗು, ಬ್ರೇಕು, ಚಕ್ರದ ಮುಂದೆ ತನಗೆ ತಾನೇ ಬಿಚ್ಚಿಕೊಂಡು ನಿಂತ ಒಂದು ಕಪ್ಪು ಕೊಡೆ. ಅವನು ಸೀಟಿನಿಂದ ಇಳಿಯಲಿಲ್ಲ. ಕಾಲು ಬರಲಿಲ್ಲ. ಇಳಿದು ಆ ಮನುಷ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವನು ಕಂಡಕ್ಟರ್.

"ಡಿಪೋಗೆ ಕೊಟ್ಟ ಹೇಳಿಕೆ ನಾನೇ ಅಲ್ವಾ ಬರೆದಿದ್ದು," ಎಂದಳು ಮಗಳು. "ನೀವು ಹೇಳ್ತಾ ಹೋದ್ರಿ. ಅಕ್ಷರ ಚೆನ್ನಾಗಿದೆ ಅಂತ ನನ್ನ ಕೈಲಿ ಬರೆಸಿದ್ರಿ. ಎರಡು ಸಲ ಬರೆದೆ, ಮೊದಲನೇದ್ರಲ್ಲಿ ಒಂದು ಕಡೆ ಹೊಡೆದುಹಾಕಿತ್ತು ಅಂತ."

ನೀವು. ಹುಟ್ಟಿದಂದಿನಿಂದ ಅವಳು ಅವನನ್ನು ನೀವು ಅಂದವಳಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಎಷ್ಟು ಗದರಿದರೂ, ನಮ್ಮಪ್ಪ ನಂಗೆ ನೀನೇ, ಎಂದು ಹಟ ಹಿಡಿದವಳು.

"ಎಡಗಡೆ ನೋಡಿದೆ, ಯಾರೂ ಇರಲಿಲ್ಲ, ಕಂಡಕ್ಟರ್ ಸೀಟಿ ಊದಿದ ಮೇಲೆ ಬಸ್ ಹೊರಡಿಸಿದೆ," ಎಂದು ಅವಳು ಪಾಠ ಒಪ್ಪಿಸುವಂತೆ ಹೇಳಿದಳು. "ನೋಡಿದೆ ಅಂತ ಬರೆಸಿದ್ರಿ."

"ನೋಡಿದೆ ಕಣಮ್ಮ. ಅದು ಸುಳ್ಳಲ್ಲ." ರಸ್ತೆಯ ಕಡೆ ತಿರುಗಿದ. "ನೋಡಿದೆ. ಕಾಣಲಿಲ್ಲ."

ಒಂದು ಲಾರಿ ಹೋಯಿತು, ಮೆಟ್ಟಿಲು ಅದುರಿತು. ಅವಳು ಚಪ್ಪಲಿಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತ, "ಅಮ್ಮನಿಗೆ ಗೊತ್ತಾ?" ಎಂದಳು. ಇಲ್ಲ ಎನ್ನಲು ಬಾಯಿ ತೆರೆದ. ಆಗ ಅವನಿಗೆ ಕಾಫಿಯ ಲೋಟ ಕಣ್ಣ ಮುಂದೆ ಬಂತು. ಎಷ್ಟೋ ವರ್ಷದಿಂದ ಹೆಂಡತಿ ಲೋಟ ಇಡುವುದು ಅವನ ಬಲಕ್ಕೆ. ತಟ್ಟೆ ಬಲಕ್ಕೆ, ನೀರು ಬಲಕ್ಕೆ. ಸಂಜೆ ತಿರುಗಾಡಲು ಹೋದರೆ ಅವಳು ಅವನ ಎಡಕ್ಕೆ ನಡೆಯುತ್ತಾಳೆ, ರಸ್ತೆಯ ಕಡೆಗೆ. ಅವನು ಗಂಡಸು, ರಸ್ತೆಯ ಕಡೆ ತಾನಿರಬೇಕೆಂದು ಒಂದೆರಡು ಸಲ ಜಗಳವಾಡಿ ಸೋತಿದ್ದ. ಕಣ್ಣಿನ ಹನಿಯ ಬಾಟಲಿ ಖಾಲಿಯಾದಾಗ ಹಳೆಯದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕುತ್ತಿದ್ದ. ಬುಟ್ಟಿ ಖಾಲಿ ಮಾಡುವವಳು ಯಾರು? ಗೊತ್ತಿದ್ದೂ ಅವಳು ಕೇಳಿರಲಿಲ್ಲ. ಕೇಳಿದ್ದರೆ ಅವನು ಹೇಳಬೇಕಾಗುತ್ತಿತ್ತು, ಹೇಳಿದರೆ ಅವಳು ಏನಾದರೂ ಮಾಡಬೇಕಾಗುತ್ತಿತ್ತು. ಇಬ್ಬರೂ ಸೇರಿ ಒಂದು ಹಾಸಿಗೆಯ ಕೆಳಗೆ ಹಾವು ಸಾಕಿಕೊಂಡ ಹಾಗೆ.

"ಗೊತ್ತಿರಬಹುದು," ಎಂದ.

"ಸೀಟಿ ಮಾಮನಿಗೆ?"

ಆ ಹೆಸರು ಬರುತ್ತದೆಂದು ಗೊತ್ತಿತ್ತು. ಕಂಡಕ್ಟರನಿಗೆ ಸೀಟಿ ಎಂದು ಹೆಸರಿಟ್ಟವನು ಅವನೇ, ಇಬ್ಬರಿಗೂ ತಲೆಕೂದಲು ಪೂರ್ತಿಯಿದ್ದ ಕಾಲದಲ್ಲಿ. ಆ ಸೀಟಿಯ ಸದ್ದು ಅಷ್ಟು ಚೂಪು, ಅಷ್ಟು ನಂಬಿಕೆಯದ್ದು. ಅಪಘಾತವಾದ ಮೇಲೂ ಎಲ್ಲರೂ ಹಾಗೇ ಕರೆದರು, ಕಂಡಕ್ಟರನೂ ಹೂಂ ಎಂದು ತಿರುಗಿ ನೋಡುತ್ತಲೇ ಇದ್ದ. ವಿಚಾರಣೆಯಲ್ಲಿ, ಸುತ್ತಮುತ್ತ ನೋಡದೆ ಸೀಟಿ ಊದಿದ್ದು ಕಂಡಕ್ಟರನ ಅಜಾಗರೂಕತೆ ಎಂದು ಬರೆದರು. ಅವನನ್ನು ಬಸ್ಸಿನಿಂದ ಇಳಿಸಿ ಡಿಪೋದ ಹಿಂದಿನ ಉಗ್ರಾಣಕ್ಕೆ ಹಾಕಿದರು. ಟೈರು, ಟ್ಯೂಬು, ನಟ್ಟು ಬೋಲ್ಟುಗಳ ನಡುವೆ ಉಳಿದ ಸರ್ವಿಸು ಮುಗಿಸಿದ. ಒಂದು ದಿನವೂ ಗೊಣಗಲಿಲ್ಲ. ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾನೆ: ಏನೋ ಸಾರಥಿ, ಇವತ್ತು ಯಾವ ರೂಟು? ಕಂಡಕ್ಟರ್ ಬೇಕಿದ್ರೆ ಹೇಳು, ಖಾಲಿ ಇದ್ದೀನಿ.

"ಇಲ್ಲ," ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲಿಂದ ನಡೆಯೋ ದಾರಿ ಅವನ ಮನೆ," ಎಂದ. ಹೇಳಿದ ಮೇಲೆ, ತಾನು ಹೇಳಿದ್ದು ಕೇಳಿಸಿತು.

ಮಗಳು ಎದ್ದು ನಿಂತಳು. ಬಾ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ಗಲ್ಲಿಯೊಳಗೆ ಇಬ್ಬರೂ ನಡೆದರು. ಒಂದು ಕಡೆ ಹೊಸ ಮನೆಯ ಪಾಯ ತೋಡಿದ್ದರು, ಹಲಗೆಯ ಮೇಲೆ ದಾಟಬೇಕಿತ್ತು. ದಾಟಿದ ಮೇಲೆ ಅವನೇ ಹೇಳಿದ: "ಕಾರ್ಡೇ ತಗೊಳ್ಳೋಣ."

ಅವಳು ನಿಂತು ನೋಡಿದಳು. ಇದೇನು ಈ ಹೊತ್ತಿನಲ್ಲಿ ಎನ್ನುವ ಹಾಗೆ.

"ಮೂರು ಮಾನಿಟರ್ ಇಟ್ರೂ ಎಡಗಡೇದು ನನಗಿಲ್ಲ. ಮುಂದೆ ಇರೋ ಜನ ಆದ್ರೂ ಸರಿಯಾಗಿ ಕಾಣಲಿ," ಎಂದ. "ಖಾಲಿ ಊರಲ್ಲಿ ಓಡ್ಸಿ ಓಡ್ಸಿ ಸಾಕಾಗಿದೆ."

ಅವಳು ಮತ್ತೆ ನಡೆದಳು. ಆದರೆ ಅವಳ ನಡಿಗೆ ಸ್ವಲ್ಪ ನಿಧಾನವಾಗಿತ್ತು.

ಸೀಟಿ ಮನೆಯ ಮುಂದಿನ ಕಟ್ಟೆಯ ಮೇಲೆ ದಿಂಬುಗಳನ್ನು ಬಿಸಿಲಿಗೆ ಹಾಕಿ ಒಂದು ಬೆತ್ತದಿಂದ ಬಡಿಯುತ್ತಿದ್ದ. ಇವರನ್ನು ಕಂಡು, "ಓಹೋ, ಸಾರಥಿ ಕಾಲ್ನಡಿಗೇಲಿ," ಎಂದು ಹಲ್ಲು ಬಿಟ್ಟ. ಮಗಳ ತಲೆ ನೇವರಿಸಿದ. ಮಗ ಸೊಸೆ ಮದುವೆಗೆ ಹೋಗಿದ್ದಾರೆ, ಟೀ ತಾನೇ ಮಾಡುತ್ತೇನೆ, ಆದರೆ ಕುಡಿದ ಮೇಲೆ ಬೈಯಬಾರದು ಎಂದ. ಅವನು ಟೀ ಬೇಡ ಎಂದ. ಕೂರು ಎಂದರೂ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಮೊದಲನೆಯದೇ ಸಿಗಲಿಲ್ಲ. ಕೊನೆಗೆ ಡಾಕ್ಟರಿಂದ ಶುರುಮಾಡಿದ, ಗುಮಾಸ್ತ ಎಂದದ್ದು, ಚಾರ್ಟು ಬಾಯಿಪಾಠ ಮಾಡಿದ್ದು, ಕತ್ತು ಅರ್ಧ ತಿರುಗಿದ್ದು. ಹೇಳುತ್ತಿರುವಾಗ ಸೀಟಿ ದಿಂಬು ಬಡಿಯುತ್ತಲೇ ಇದ್ದ. ಮೊದಲು ಒಂದೇ ಹದದಲ್ಲಿ, ಆಮೇಲೆ ನಿಧಾನ, ಆಮೇಲೆ ಬೆತ್ತ ದಿಂಬಿನ ಮೇಲೆ ಸುಮ್ಮನೆ ಇಟ್ಟ ಹಾಗೆ ನಿಂತಿತು. ಬಿಸಿಲಿನಲ್ಲಿ ಹತ್ತಿಯ ಧೂಳು ತೇಲುತ್ತಿತ್ತು.

"ಸೀಟಿ ಸರಿಯಾಗೇ ಊದಿದ್ದೆ ನೀನು," ಎಂದ ಅವನು. "ಬಾಗಿಲು ನಿಂದು, ಮುಂದಿಂದು ನಂದು. ತಪ್ಪು ನಂದು. ಹೇಳಿಕೇಲಿ ನಿನ್ನ ಮೇಲೆ ಬರೋ ಹಾಗೆ ಬರೆಸಿಕೊಟ್ಟಿದ್ದೂ ನಾನೇ."

ಸೀಟಿ ಒಂದು ದಿಂಬನ್ನು ಎತ್ತಿ ಮಗುಚಿ ಹಾಕಿದ. ಅದರ ಮೇಲೆ ಕೈಯಾಡಿಸಿದ.

"ಅವನ ಮನೆಗೆ ಹೋಗಿದ್ದೆ ನಾನು," ಎಂದ. ದನಿ ಸಣ್ಣದಾಗಿತ್ತು. "ಹದಿಮೂರನೇ ದಿನ. ಅವನ ಹೆಂಡತಿ ಕಾಲಿಗೆ ಬಿದ್ದೆ. ನಾನೇ ನಿನ್ನ ಗಂಡನ್ನ ಕೊಂದಿದ್ದು ಅಂದೆ. ಅವಳು ಏನೂ ಅನ್ನಲಿಲ್ಲ, ಬಾಗಿಲು ಹಾಕ್ಕೊಂಡ್ಳು. ಆಮೇಲೆ ಮೊಮ್ಮಗಳಿಗೆ ಯಾರೋ ಪೀಪಿ ತಂದುಕೊಟ್ರೆ ಕಿತ್ತು ಚರಂಡಿಗೆ ಹಾಕ್ದೆ. ಮಗು ಎರಡು ದಿನ ಅತ್ತಿತ್ತು. ಯಾಕೆ ಅಂತ ಮನೇಲಿ ಯಾರಿಗೂ ಹೇಳಿಲ್ಲ."

"ಗೊತ್ತಾಗಿದ್ರೆ..."

"ಏನು ಗೊತ್ತಾಗಿದ್ರೆ? ನಿನಗೆ ಗೊತ್ತಿತ್ತಲ್ಲ." ಸೀಟಿ ಈಗ ಅವನ ಕಡೆ ನೋಡಿದ. ಸಿಟ್ಟಿನ ಮುಖ ಅದು ಎಂದು ತಿಳಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. ಇಷ್ಟು ವರ್ಷದಲ್ಲಿ ಆ ಮುಖವನ್ನು ಅವನು ನೋಡಿರಲಿಲ್ಲ. "ಒಂಬತ್ತು ವರ್ಷ ಆ ಮನುಷ್ಯನ್ನ ತಲೆ ಮೇಲೆ ಹೊತ್ಕೊಂಡು ತಿರುಗಿದ್ದೀನಿ ಕಣೋ. ಈಗ ಅವನು ನನ್ನೋನೇ ಆಗಿಬಿಟ್ಟಿದ್ದಾನೆ. ಇವತ್ತು ಬಂದು, ಅವನು ನಿನ್ನೋನಲ್ಲ, ಇಳಿಸು ಅಂದ್ರೆ ಎಲ್ಲಿ ಇಳಿಸ್ಲಿ? ಹೇಳು, ಯಾವ ಸ್ಟಾಪಲ್ಲಿ ಇಳಿಸ್ಲಿ?"

ಅವನು ಕೈಮುಗಿಯಲು ಹೋದ, ಅದು ನಾಟಕವಾಗುತ್ತದೆ ಅನ್ನಿಸಿ ಕೈಗಳು ಹೊಟ್ಟೆಯ ಹತ್ತಿರ ನಿಂತುಬಿಟ್ಟವು. ಅಳು ಬಂದರೆ ಚೆನ್ನಾಗಿರುತ್ತಿತ್ತು, ಬರಲಿಲ್ಲ. ಹೇಳಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ಯಾರು ಹೇಳಿದರೋ. ಅವನ ಭಾರ ಅವನ ಮೇಲೆ ಹಾಗೇ ಇತ್ತು, ಸೀಟಿಯ ಮೇಲೆ ಇನ್ನೊಂದಿಷ್ಟು ಬಿದ್ದಿತ್ತು, ಅಷ್ಟೇ. ಮಗಳು ಕಟ್ಟೆಯ ತುದಿಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಅವನ ಮನೆ ಎಲ್ಲಿದೆ?" ಎಂದು ಅವನು ಕೇಳಿದ. "ಕೊಡೆಯವನ ಮನೆ."

"ಯಾಕೆ?"

"ಹೋಗ್ಬೇಕು."

ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು, ಯಾರೋ ಬೈದರು. "ಒಬ್ಬನೇ ಹೋಗ್ಬೇಡ," ಎಂದ ಸೀಟಿ ಕೊನೆಗೆ. "ಯಾವತ್ತಾದ್ರೂ ಕರ್ಕೊಂಡು ಹೋಗ್ತೀನಿ. ಇವತ್ತಲ್ಲ. ಇವತ್ತು ನಿನ್ನ ಮುಖ ನೋಡಕ್ಕಾಗ್ತಿಲ್ಲ ನನಗೆ. ಮನೆಗೆ ಹೋಗು."

ಅವನು ಗೇಟಿನ ಕಡೆ ತಿರುಗಿದ. ಮಗಳು ಎದ್ದಳು. ಗೇಟು ದಾಟುವಾಗ ಅವನ ಎಡಮೊಣಕೈ ಕಂಬಕ್ಕೆ ತಾಗಿತು, ತಡಕಾಡಿದ. ಹಿಂದಿನಿಂದ ಬೆತ್ತ ಕೆಳಗೆ ಬಿದ್ದ ಸದ್ದು ಕೇಳಿಸಿತು, ಆಮೇಲೆ ಚಪ್ಪಲಿಯ ಸದ್ದು. ಬಸ್ ಸ್ಟಾಪು ದೊಡ್ಡ ರಸ್ತೆಯ ಆಚೆಗಿತ್ತು. ಗಲ್ಲಿಯ ಬಾಯಿಗೆ ಬಂದು ನಿಂತಾಗ ಸೀಟಿ ಅವನ ಎಡಕ್ಕೆ ಬಂದು ಮೊಣಕೈಯ ಮೇಲೆ ಹಿಡಿದುಕೊಂಡ. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಬೀಳದಿರಲಿ ಎಂದು ಹಿಡಿದವನ ಹಿಡಿತವೂ ಹಾಗೇ ಇರುತ್ತದೆ, ಹಿಡಿದು ನೂಕುವವನದೂ ಹಾಗೇ ಇರುತ್ತದೆ. ಕಾಣದ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು, ದಿಂಬಿನ ಹತ್ತಿಯ ಬಿಸಿಲು ವಾಸನೆ. ಸೀಟಿ ಹೆಜ್ಜೆ ಇಟ್ಟಾಗ ಅವನೂ ಇಟ್ಟ, ನಿಂತಾಗ ನಿಂತ. ರಸ್ತೆಯ ನಡುವೆ, ಎರಡು ಸಾಲು ಗಾಡಿಗಳ ಮಧ್ಯೆ ಕಾಯುತ್ತಿದ್ದಾಗ, ನೋಡಬೇಕು ಅನ್ನಿಸಿತು, ನೋಡಲು ಹೆದರಿಕೆಯಾಯಿತು. ಅವನು ಕತ್ತು ತಿರುಗಿಸಿದ. ಅರ್ಧಕ್ಕೆ ಏನೂ ಕಾಣಲಿಲ್ಲ. ಪೂರ್ತಿ ತಿರುಗಿಸಿದ. ಸೀಟಿ ಅವನನ್ನು ನೋಡುತ್ತಿರಲಿಲ್ಲ. ದವಡೆ ಕಚ್ಚಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಆ ಕಡೆಯಿಂದ ಬರುತ್ತಿದ್ದ ಗಾಡಿಗಳನ್ನು ಒಂದೊಂದಾಗಿ ನೋಡುತ್ತಿದ್ದ.